ತಪ್ಪು ಮತದಾರರದೋ, ನಾಯಕರದೋ?

ಜನರೇ ಬೆಲೆ ತೆರಲು ಒಪ್ಪದಿರುವಾಗ ಹವಾಮಾನ ಬದಲಾವಣೆಯ ವಿಚಾರದಲ್ಲಿ ಸರ್ಕಾರಗಳನ್ನು ದೂಷಿಸುವುದು ಎಷ್ಟು ಸರಿ ಎಂದು ತಾವು ಕೇಳಿದ್ದೀರಿ. ಮತದಾರರಿಗೂ ಹೊಣೆಯಿದೆ, ಒಪ್ಪುತ್ತೇನೆ. ಆದರೆ ಆಸ್ಟ್ರೇಲಿಯಾದ ಅನುಭವವನ್ನು ನೋಡಿದರೆ ಹೆಚ್ಚಿನ ಪಾಲು ನಾಯಕರದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಜೂಲಿಯಾ ಗಿಲಾರ್ಡ್ ಸರ್ಕಾರವು 2012ರ ಜುಲೈನಿಂದ ದೊಡ್ಡ ಉದ್ದಿಮೆಗಳು ಹೊರಬಿಡುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡ್‌ಗೆ 23 ಡಾಲರ್ ಬೆಲೆ ವಿಧಿಸಿ, ಆ ಹಣದ ಅರ್ಧಕ್ಕಿಂತ ಹೆಚ್ಚನ್ನು ತೆರಿಗೆ ಕಡಿತ ಹಾಗೂ ಪಿಂಚಣಿ ಹೆಚ್ಚಳದ ರೂಪದಲ್ಲಿ ಜನರಿಗೇ ಮರಳಿಸುವ ವ್ಯವಸ್ಥೆ ಮಾಡಿತ್ತು. ವಿದ್ಯುತ್ ವಲಯದ ಹೊರಸೂಸುವಿಕೆಯೂ ಇಳಿಯತೊಡಗಿತ್ತು. ವಿರೋಧ ಪಕ್ಷದ ನಾಯಕ ಟೋನಿ ಅಬಾಟ್ ಆ ಬೆಲೆಯನ್ನು ಬರಿಯ ಹೊರೆಯೆಂದೇ ಬಿಂಬಿಸಿ ಚುನಾವಣೆ ಗೆದ್ದು, 2014ರ ಜುಲೈನಲ್ಲಿ ರದ್ದುಪಡಿಸಿದರು.

2017ರ ಫೆಬ್ರುವರಿಯ ಬಿಸಿಗಾಳಿಯ ನಡುವೆ ಖಜಾನೆ ಸಚಿವ ಸ್ಕಾಟ್ ಮಾರಿಸನ್ ಸಂಸತ್ತಿನೊಳಗೆ ಕಲ್ಲಿದ್ದಲಿನ ತುಂಡೊಂದನ್ನು ಎತ್ತಿ ಹಿಡಿದು, ಇದಕ್ಕೆ ಹೆದರಬೇಡಿ ಎಂದರು. ಅದು ಆಡಳಿತ ಪಕ್ಷದ ಸಾಲಿನಲ್ಲಿ ಕೈಯಿಂದ ಕೈಗೆ ದಾಟಿತು. ಮರುವರ್ಷ ಅವರೇ ಪ್ರಧಾನಿಯಾದರು. ಭೀಕರ ಕಾಡ್ಗಿಚ್ಚಿನ ಅಪಾಯವನ್ನು ವಿವರಿಸಲು ಅಗ್ನಿಶಾಮಕ ಸೇವೆಗಳ ನಿವೃತ್ತ ಮುಖ್ಯಸ್ಥರು 2019ರ ಏಪ್ರಿಲ್‌ನಲ್ಲೇ ಭೇಟಿ ಕೋರಿದ್ದರೂ ಪ್ರಧಾನಿ ಅವರನ್ನು ಕಾಣಲಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ಕಾಡುಗಳು ಹೊತ್ತಿ ಉರಿಯುತ್ತಿದ್ದವು. ಇದಕ್ಕೆ ಮತದಾರರನ್ನು ಹೇಗೆ ದೂರುವುದು? 2022ರ ಮೇ ತಿಂಗಳಲ್ಲಿ ಅವರು ಸರ್ಕಾರವನ್ನು ಬದಲಿಸಿದರು. ಸೆಪ್ಟೆಂಬರ್ ಹೊತ್ತಿಗೆ, 2005ರ ಮಟ್ಟಕ್ಕಿಂತ 43 ಶೇಕಡದಷ್ಟು ಹೊರಸೂಸುವಿಕೆಯನ್ನು 2030ರೊಳಗೆ ತಗ್ಗಿಸುವ ಗುರಿ ಕಾನೂನಾಗಿತ್ತು.