ಅಳೆಯದ ನದಿಗೆ ಅಣೆಕಟ್ಟು ಬೇಡ

ಓದುಗರ ಪತ್ರ: ಉಷ್ಣವಲಯದ ನದಿಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಯಾವ ಯೋಜನೆಗೂ ಮೊದಲು ವರ್ಷಗಟ್ಟಲೆ ಸಂಶೋಧನೆ ಆಗಬೇಕೆಂಬುದು ಲೇಖಕರ ವಾದ. ನಾಲ್ಕು ತಿಂಗಳ ಮಳೆನೀರು ಕಣ್ಣೆದುರೇ ಸಮುದ್ರದ ಪಾಲಾಗುತ್ತಿರುವಾಗ ಅಷ್ಟು ಕಾಲ ಕಾಯುವವರು ಯಾರು? ಮೊದಲು ನೀರನ್ನು ಹಿಡಿದಿಡಿ, ಅಧ್ಯಯನ ಆಮೇಲೆ ಆಗಲಿ. — ಒಬ್ಬ ನಿವೃತ್ತ ನೀರಾವರಿ ಎಂಜಿನಿಯರ್

ಸಂಪಾದಕರ ಉತ್ತರ: ನಿಮ್ಮ ಆತುರ ಅರ್ಥವಾಗುತ್ತದೆ. ಕುಡಿಯುವ ನೀರಿಲ್ಲದ ಊರಿಗೆ ವರದಿ ಬರುವವರೆಗೆ ಕಾಯಿರಿ ಎನ್ನಲಾಗದು; ಆ ನೀರನ್ನು ಇಂದೇ ಕೊಡಬೇಕು. ಆದರೆ ನೀವು ಕೇಳುತ್ತಿರುವುದು ಅಷ್ಟನ್ನೇ ಅಲ್ಲ. ಇಡೀ ಜಲಾನಯನ ಪ್ರದೇಶದ ಹಣೆಬರಹ ಬರೆಯುವ ಅಣೆಕಟ್ಟು, ಕಾಲುವೆಗಳನ್ನು ಮೊದಲು ಕಟ್ಟಿ, ನದಿಯ ಪರಿಚಯವನ್ನು ಆಮೇಲೆ ಮಾಡಿಕೊಳ್ಳೋಣ ಎನ್ನುತ್ತಿದ್ದೀರಿ. ಆಯುಷ್ಯವನ್ನೇ ನೀರಾವರಿಗೆ ಕೊಟ್ಟ ನಿಮ್ಮಿಂದ ಈ ಮಾತು ಬಂದದ್ದಕ್ಕೆ ಬೇಸರವಾಯಿತು.

ಹೆರಾಲ್ಡ್ ಹರ್ಸ್ಟ್ ಅವರ ಹೆಸರನ್ನು ನೀವು ಓದಿಯೇ ಇರುತ್ತೀರಿ. 1906ರಲ್ಲಿ ಈಜಿಪ್ಟಿಗೆ ಹೋದ ಈ ಬ್ರಿಟಿಷ್ ವಿಜ್ಞಾನಿ ಜೀವಮಾನದ ಬಹುಪಾಲನ್ನು ನೈಲ್ ನದಿಯ ಲೆಕ್ಕದಲ್ಲೇ ಕಳೆದರು. ನದಿಯ ನೀರಿನ ಮಟ್ಟ ಅಳೆಯುವ ಕೈರೋದ ನೈಲ್ ಮಾಪಕದ ದಾಖಲೆಗಳು ಕ್ರಿ.ಶ. 622ರಿಂದ ಸಿಗುತ್ತವೆ. ಅವನ್ನೆಲ್ಲ ಜಾಲಾಡಿ ಹರ್ಸ್ಟ್ 1951ರಲ್ಲಿ ಪ್ರಕಟಿಸಿದ ಸಂಗತಿ ಇದು: ಬರದ ವರ್ಷಗಳು ಚದುರಿ ಬರುವುದಿಲ್ಲ, ಗುಂಪು ಕಟ್ಟಿಕೊಂಡು ಬರುತ್ತವೆ, ಸಮೃದ್ಧಿಯ ವರ್ಷಗಳೂ ಹಾಗೆಯೇ. ಇಪ್ಪತ್ತು ವರ್ಷಗಳ ಸರಾಸರಿ ನಂಬಿ ಜಲಾಶಯ ಕಟ್ಟಿದರೆ, ಆ ಇಪ್ಪತ್ತೂ ಒಳ್ಳೆಯ ಕಾಲದ ವರ್ಷಗಳಾಗಿದ್ದವು ಎಂಬುದು ಕಾಲುವೆಯ ಕೊನೆಯಂಚಿನ ರೈತನಿಗೆ ಮುಂದಿನ ಪೀಳಿಗೆಯಲ್ಲಿ ತಿಳಿಯುತ್ತದೆ.

ಅದೇ ನೈಲ್ ನೀರನ್ನು 1959ರಲ್ಲಿ ಹಂಚಿಕೊಂಡ ಬಗೆ ನೋಡಿ. ವರ್ಷಕ್ಕೆ 84 ಶತಕೋಟಿ ಘನ ಮೀಟರ್ ಎಂದು ಎಣಿಸಿ, ಈಜಿಪ್ಟಿಗೆ 55.5, ಸುಡಾನಿಗೆ 18.5 ಎಂದು ಬರೆದರು. ಉಳಿದ 10 ಶತಕೋಟಿಯನ್ನು ಬಿಟ್ಟದ್ದು ಜಲಾಶಯದಿಂದ ಆವಿಯಾಗುವ ಮತ್ತಿತರ ನಷ್ಟಕ್ಕೆಂದೇ. ಹಿಡಿದಿಟ್ಟ ನೀರೆಲ್ಲ ನಮ್ಮದಾಗಿಯೇ ಉಳಿಯುತ್ತದೆ ಎಂದು ನೀವು ಭಾವಿಸಿದ್ದರೆ ಈ ಒಂದು ಅಂಕಿ ಸಾಕು. ನೀರಿನ ಬಹುಪಾಲು ಇಳಿದು ಬರುವುದು ಇಥಿಯೋಪಿಯಾದ ಬೆಟ್ಟಗಳಿಂದ. ಆ ದೇಶ ಒಪ್ಪಂದದಲ್ಲೇ ಇರಲಿಲ್ಲ. ನೈಲ್ ನೀರಿಗಾಗಿ ಈ ದೇಶಗಳ ನಡುವೆ ಇಂದು ನಡೆದಿರುವ ಕಲಹದ ಬೇರು ಅಲ್ಲಿಯೂ ಇದೆ.

ಆಸ್ಟ್ರೇಲಿಯದ ವಾಯವ್ಯ ಮೂಲೆಯ ಆರ್ಡ್ ನದಿಯಂತೂ ನಿಮ್ಮ ವಾದಕ್ಕೆ ನೇರ ಉತ್ತರ. ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಬತ್ತುವ ಆ ನದಿಗೆ 1963ರಲ್ಲಿ ನೀರನ್ನು ಕಾಲುವೆಗೆ ತಿರುಗಿಸುವ ಅಣೆಕಟ್ಟು, 1972ರಲ್ಲಿ ದೊಡ್ಡ ಅಣೆಕಟ್ಟು ಬಂದವು. ಈ ಬೇಸಾಯ ಲಾಭ ತರದು ಎಂದು ಕೃಷಿ ಅರ್ಥಶಾಸ್ತ್ರಜ್ಞ ಬ್ರೂಸ್ ಡೇವಿಡ್ಸನ್ ಲೆಕ್ಕ ಸಮೇತ 1965ರಲ್ಲೇ ಎಚ್ಚರಿಸಿದ್ದರು. ಯಾರೂ ಕೇಳಲಿಲ್ಲ. ಹತ್ತಿ ಬೆಳೆದರು, ಕೀಟಗಳು ಔಷಧಿಗೆ ಬಗ್ಗದಾದವು, 1974ರ ಹೊತ್ತಿಗೆ ಹತ್ತಿಯನ್ನು ಕೈಬಿಟ್ಟರು. ಅಷ್ಟರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಿರಿವೂಂಗ್ ಜನರ ನೆಲ ಅಣೆಕಟ್ಟಿನ ಸರೋವರದಡಿ ಸೇರಿಯಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಕೆಲಸ. ಲೆಕ್ಕ ಹಾಕಿದವರ ಮಾತಿಗೆ ಬೆಲೆ ಕೊಟ್ಟಿದ್ದರೆ ಇಷ್ಟು ಅನಾಹುತ ಆಗಬೇಕಿರಲಿಲ್ಲ.

ಅಲ್ಲಿಂದ ಪೂರ್ವಕ್ಕೆ ಡೇಲಿ ನದಿ ಇದೆ. ತಿಂಗಳುಗಟ್ಟಲೆ ಹನಿ ಮಳೆ ಬೀಳದಿದ್ದರೂ ಅದು ಹರಿಯುತ್ತಲೇ ಇರುತ್ತದೆ, ಏಕೆಂದರೆ ಸುಣ್ಣಕಲ್ಲಿನ ಪದರಗಳಲ್ಲಿ ತುಂಬಿಕೊಂಡ ಅಂತರ್ಜಲ ಅದನ್ನು ಸಾಕುತ್ತದೆ. ಹಾಗಾಗಿ ನದಿಯಿಂದ ದೂರದಲ್ಲಿ ಕೊರೆದ ಕೊಳವೆಬಾವಿಯೂ ವರ್ಷಗಳ ನಂತರ ನದಿಯ ಬೇಸಿಗೆ ಹರಿವನ್ನೇ ಕತ್ತರಿಸಬಲ್ಲದು. ಇದು ಪ್ರವಾಹದ ಅಂಕಿಗಳಿಂದ ತಿಳಿಯುವುದಿಲ್ಲ. ಅತ್ಯಂತ ಒಣ ತಿಂಗಳಿನ ಹರಿವನ್ನು ವರ್ಷ ವರ್ಷ ಅಳೆಯಬೇಕು. ನನ್ನ ದೃಢವಾದ ನಂಬಿಕೆ ಇದು: ಉಷ್ಣವಲಯದಲ್ಲಿ ನೀರಿನ ಯೋಜನೆ ಆರಂಭವಾಗಬೇಕಾದದ್ದು ಮಳೆಗಾಲದ ಉಬ್ಬರದಿಂದಲ್ಲ, ಬೇಸಿಗೆಯ ಕೊನೆಯ ವಾರದ ಸಣ್ಣ ಹರಿವಿನಿಂದ. ನದಿಗೊಂದು ಕಡತ, ಅಂತರ್ಜಲಕ್ಕೊಂದು ಕಡತ, ಕಾಡಿಗೆ ಬೇರೊಂದು ಇಲಾಖೆ ಎಂದು ಹಂಚಿಟ್ಟಲ್ಲಿ ಆ ಹರಿವಿಗೆ ಹೊಣೆಗಾರರೇ ಇರುವುದಿಲ್ಲ. ಪನಾಮದ ಆಗುವಾ ಸಲೂದ್ ಎಂಬಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಶೋಧನಾ ಸಂಸ್ಥೆಯವರು ಕಾಡು, ಹುಲ್ಲುಗಾವಲುಗಳ ಸಣ್ಣ ಸಣ್ಣ ಕಣಿವೆಗಳನ್ನು ಅಕ್ಕಪಕ್ಕ ಇಟ್ಟು ಅಳೆದು, ಕಾಡಿನ ಕಣಿವೆ ಪ್ರವಾಹವನ್ನು ತಗ್ಗಿಸಿ ಬೇಸಿಗೆಗೆ ಹೆಚ್ಚು ನೀರು ಉಳಿಸುವುದನ್ನು ಕಂಡಿದ್ದಾರೆ. ಎಲ್ಲ ಮಣ್ಣಿನಲ್ಲೂ ಹೀಗೆಯೇ ಆಗುತ್ತದೆಂದೇನೂ ಇಲ್ಲ. ಅದಕ್ಕಾಗಿಯೇ ಪ್ರತಿಯೊಂದು ಕಣಿವೆಯನ್ನೂ ಅಳೆಯಿರಿ ಎನ್ನುವುದು.

ಇನ್ನು ಸಮುದ್ರದ ಪಾಲಾಗುವ ನೀರು. ಉತ್ತರ ಆಸ್ಟ್ರೇಲಿಯದ ಕಾರ್ಪೆಂಟೇರಿಯ ಕೊಲ್ಲಿಯಲ್ಲಿ ಮಳೆ ಚೆನ್ನಾಗಿ ಬಂದು ನದಿಗಳು ತುಂಬಿ ಹರಿದ ವರ್ಷ ಸೀಗಡಿಯೂ ಹೆಚ್ಚು ಸಿಗುತ್ತದೆ. ಕಾಂಬೋಡಿಯಾದಲ್ಲಿ ಮೆಕಾಂಗ್ ಉಕ್ಕಿದಾಗ ಟೊನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿದು ಅದೇ ಹೆಸರಿನ ಸರೋವರವನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ಆ ದೇಶದ ಮೀನಿನ ಊಟ ಅದನ್ನೇ ನಂಬಿದೆ. ಮೀನುಗಾರರನ್ನು ಕೇಳದೆ ಆ ನೀರನ್ನು ಪೋಲು ಎನ್ನಬೇಡಿ.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. ಜಗತ್ತಿನ ಎಷ್ಟೋ ಕಡೆ ಹರಿವಿನ ಮಾಪನ ಕೇಂದ್ರಗಳು ಹಣವಿಲ್ಲದೆ ಮುಚ್ಚುತ್ತಿವೆ. ಕಾಂಕ್ರೀಟಿಗೆ ಸಿಗುವ ಹಣದ ಚೂರು ಪಾಲೂ ಮಾಪಕ ಓದುವವನ ಸಂಬಳಕ್ಕೆ ಸಿಗುವುದಿಲ್ಲ. ಅಳೆದ ಅಂಕಿಗಳಾದರೂ ಜನರ ಕೈಗೆ ಬರುತ್ತವೆಯೇ? ಒಂದು ನದಿಯ ಬೇಸಿಗೆ ಹರಿವಿನ ವಿವರ ಕೇಳಿ ಕಚೇರಿಯೊಂದಕ್ಕೆ ನಾನು ಬರೆದ ಪತ್ರಕ್ಕೆ ಗೋಪ್ಯ ಎಂಬ ಒಂದೇ ಪದದ ಉತ್ತರ ಬಂದಿತ್ತು. ಸಾರ್ವಜನಿಕರ ಹಣದಲ್ಲಿ, ಸಾರ್ವಜನಿಕರ ನದಿಯಲ್ಲಿ ಅಳೆದ ಅಂಕಿ ಅದು!

ನೀವು ಆ ವ್ಯವಸ್ಥೆಯ ಒಳಗಿದ್ದವರು. ನೀವು ಕೆಲಸ ಮಾಡಿದ ಯೋಜನೆಗಳಲ್ಲಿ ಎಷ್ಟು ವರ್ಷಗಳ ಹರಿವನ್ನು ಆಧರಿಸಿ ಜಲಾಶಯದ ಗಾತ್ರ ನಿರ್ಧಾರವಾಯಿತು, ಕೆಳಗಿನ ಊರುಗಳಿಗೆ ಒಣ ತಿಂಗಳಲ್ಲಿ ಎಷ್ಟು ನೀರು ಬಿಡಬೇಕೆಂದು ಯಾರು ತೀರ್ಮಾನಿಸಿದರು ಎಂಬುದನ್ನು ಬರೆದು ಕಳುಹಿಸಿ. ಒಂದು ಅಕ್ಷರವೂ ಕತ್ತರಿಸದೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.