ರೋಬೋಟಿಕ್ ಹರ್ನಿಯಾ ಆಪರೇಷನ್: ಮೆಶ್ ಎಲ್ಲಿ ಹಾಕುತ್ತಾರೆ, ಅದನ್ನು ಕೇಳಿ

ಪ್ರಶ್ನೆ: ನಮ್ಮ ಅಮ್ಮನಿಗೆ 52 ವರ್ಷ. ಗರ್ಭಕೋಶ ತೆಗೆಸಿದಾಗ ಹಾಕಿದ ಹೊಲಿಗೆಯ ಜಾಗದಲ್ಲಿ ಹೊಟ್ಟೆ ಉಬ್ಬಿಕೊಂಡಿದೆ. ಸ್ಕ್ಯಾನ್‌ನಲ್ಲಿ 5 ಸೆಂ.ಮೀ. ಅಗಲದ ಹರ್ನಿಯಾ ಅಂತ ಬಂದಿದೆ. ಬೆಂಗಳೂರಿನ ಒಬ್ಬ ಡಾಕ್ಟರು ರೋಬೋಟಿಕ್ ಐಪಾಮ್ ಅಂದರು, ಇನ್ನೊಬ್ಬರು ರೋಬೋಟಿಕ್ ಇ-ಟೆಪ್ ಅಂದರು. ಯಾವುದು ಒಳ್ಳೆಯದು? ಮನೆಯಲ್ಲಿ ಹಸುಗಳಿವೆ. ಅಮ್ಮ ಎಷ್ಟು ದಿನ ಕೆಲಸ ಬಿಡಬೇಕು?
— ಓದುಗರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಉತ್ತರ: ಇಬ್ಬರೂ ರೋಬೋಟ್ ಅಂದಿದ್ದರೂ ಹೇಳಿದ್ದು ಬೇರೆ ಬೇರೆ ಆಪರೇಷನ್. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ, ಸರ್ಜನ್ ಕೂತು ಅದರ ಕೈಗಳನ್ನು ಆಡಿಸುತ್ತಾರೆ. ಮುಖ್ಯವಾದದ್ದು ಮೆಶ್, ಅಂದರೆ ಹರ್ನಿಯಾದ ಜಾಗಕ್ಕೆ ಆಸರೆಯಾಗಿ ಹಾಕುವ ಬಲೆ, ಹೊಟ್ಟೆಗೋಡೆಯ ಯಾವ ಪದರದಲ್ಲಿ ಕೂರುತ್ತದೆ ಅನ್ನುವುದು.

ಐಪಾಮ್‌ನಲ್ಲಿ ಮೆಶ್ ಹೊಟ್ಟೆಯ ಒಳಗೆ, ಕರುಳಿನ ಎದುರಿಗೇ ಇರುತ್ತದೆ. ಕರುಳು ಅಂಟದಂತೆ ಲೇಪನವಿರುವ ದುಬಾರಿ ಮೆಶ್ ಬೇಕು. ಮಾಮೂಲಿ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಅದನ್ನು ಟ್ಯಾಕರ್‌ನಿಂದ ಮೊಳೆ ಹೊಡೆದ ಹಾಗೆ ಕೂರಿಸುತ್ತಾರೆ. ರೋಬೋಟ್‌ನ ಉಪಕರಣ ಎಲ್ಲ ದಿಕ್ಕಿಗೂ ತಿರುಗುವುದರಿಂದ ಹೊಲಿದೇ ಕೂರಿಸುವುದು ಸುಲಭ.

ಇ-ಟೆಪ್‌ನಲ್ಲಿ ಮೆಶ್ ಹೊಟ್ಟೆಯ ಸ್ನಾಯುಗಳ ಹಿಂದೆ, ಕರುಳಿಗೆ ತಾಗದ ಜಾಗದಲ್ಲಿರುತ್ತದೆ. ಲೇಪನವಿಲ್ಲದ ಸಾದಾ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಮೆಶ್ ಸಾಕು, ಮೊಳೆಯೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ಕೆಲಸ ನಾಜೂಕಿನದು. ಹಿಂದಿನ ಪದರದ ಹೊಲಿಗೆ ಬಿಚ್ಚಿಕೊಂಡರೆ ಕರುಳು ಆ ಸಂದಿಗೆ ಸಿಕ್ಕಿಕೊಳ್ಳಬಹುದು. ಸ್ನಾಯುವಿನ ಅಂಚಿನಲ್ಲಿ ಬರುವ ನರಗಳಿಗೂ ಪೆಟ್ಟಾಗಬಹುದು. (ಹರ್ನಿಯಾ ಇನ್ನೂ ದೊಡ್ಡದಾಗಿದ್ದರೆ ಪಕ್ಕದ ಸ್ನಾಯುವನ್ನು ಬಿಡಿಸುವ ಟಾರ್ ಅನ್ನುವ ಆಪರೇಷನ್ ಬೇಕಾಗುತ್ತದೆ. ಅಮ್ಮನಿಗೆ ಬಹುಶಃ ಅದು ಬೇಡ.)

ಭಾರ ಎತ್ತುವ ಅಮ್ಮನಿಗೆ ಸ್ನಾಯುವಿನ ಹಿಂದೆ ಹಾಕುವ ಮೆಶ್ ನನ್ನ ಆಯ್ಕೆ. ಆದರೆ ಆ ಸರ್ಜನ್ ಇ-ಟೆಪ್ ನಿತ್ಯ ಮಾಡುವವರಾಗಿರಬೇಕು. ಇಲ್ಲದಿದ್ದರೆ ಪಳಗಿದ ಕೈಯಿಂದ ಐಪಾಮ್ ಮಾಡಿಸುವುದೇ ಮೇಲು.

ಖರ್ಚಿನ ವಿಷಯ ಬಿಚ್ಚಿ ಹೇಳುತ್ತೇನೆ. ರೋಬೋಟ್‌ಗಾಗಿ ಸಾಲ ಮಾಡಬೇಡಿ. ಅಮೆರಿಕದಲ್ಲಿ 124 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಬೋಟ್‌ಗೂ ಲ್ಯಾಪರೋಸ್ಕೋಪಿಗೂ ಆಸ್ಪತ್ರೆಯಲ್ಲಿರುವ ದಿನಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್ ಸಮಯ, ಖರ್ಚು ಎರಡೂ ರೋಬೋಟ್‌ಗೇ ಜಾಸ್ತಿ ಆದವು. ಹೊಟ್ಟೆ ತೆರೆದು ಮಾಡುವ ಆಪರೇಷನ್‌ನಲ್ಲೂ ಮೆಶ್ಶನ್ನು ಅದೇ ಸ್ನಾಯುವಿನ ಹಿಂದೆ ಹಾಕಬಹುದು. ಗಾಯ ದೊಡ್ಡದು, ಗಾಯದ ಸೋಂಕಿನ ಭಯ ಸ್ವಲ್ಪ ಜಾಸ್ತಿ, ಅಷ್ಟೆ. ಕೋಲಾರದಲ್ಲೇ ಇದನ್ನು ಚೆನ್ನಾಗಿ ಮಾಡುವ ಸರ್ಜನ್ ಸಿಕ್ಕರೆ ಅದೂ ಒಳ್ಳೆಯ ದಾರಿ.

ಅಮ್ಮ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರಾ? ಹಾಕುವುದಾದರೆ ಕನಿಷ್ಠ 4 ವಾರ ಮೊದಲೇ ಬಿಡಿಸಿ. ಸಕ್ಕರೆ ಕಾಯಿಲೆ ಇದ್ದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) 8ಕ್ಕಿಂತ ಕೆಳಗಿರಲಿ. ಯಾವ ವಿಧಾನವಾದರೂ ಹರ್ನಿಯಾ ಮತ್ತೆ ಬಾರದಂತೆ ತಡೆಯುವುದರಲ್ಲಿ ಇವುಗಳ ಪಾಲು ದೊಡ್ಡದು.

ಮಾರನೇ ದಿನದಿಂದಲೇ ಓಡಾಡಬಹುದು. ಹಾಲಿನ ಕ್ಯಾನ್, ಹುಲ್ಲಿನ ಹೊರೆ ಮಾತ್ರ 6 ವಾರ ಮುಟ್ಟಬಾರದು. ಡೇರಿಗೆ ಹಾಲು ಹಾಕುವವರನ್ನು ಈಗಲೇ ಗೊತ್ತು ಮಾಡಿಕೊಳ್ಳಿ.

ಆಪರೇಷನ್‌ಗೆ ಮೊದಲೇ ಉಬ್ಬು ಗಟ್ಟಿಯಾಗಿ, ಒಳಗೆ ಹೋಗದೆ, ನೋವು ಮತ್ತು ವಾಂತಿ ಶುರುವಾದರೆ ಬೆಂಗಳೂರಿಗೆ ಓಡಬೇಡಿ. ಆ ಹೊತ್ತಿನಲ್ಲಿ ರೋಬೋಟ್ ವಿಚಾರವೂ ಬೇಡ. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯೋ, ಸರ್ಜನ್ ಇರುವ ಬೇರೆ ಹತ್ತಿರದ ಆಸ್ಪತ್ರೆಯೋ, ತಕ್ಷಣ ಅಲ್ಲಿಗೆ ಕರೆದುಕೊಂಡು ಹೋಗಿ.