ಸಂಪಾದಕರ ಉತ್ತರ: ಬಾವಿಯ ಸೀಸವೋ, ಬಾಟಲಿಯ ಸೀಸವೋ?

"ಕಳೆದ ಸಂಚಿಕೆಯ ಕುಡಿಯುವ ನೀರಿನ ಲೇಖನ ಓದಿ ನಮ್ಮ ಕೊಳವೆಬಾವಿಯ ನೀರನ್ನು ಎರಡು ಕಡೆ ಪರೀಕ್ಷೆಗೆ ಕೊಟ್ಟೆ. ಉಪ್ಪಿನಕಾಯಿ ಬಾಟಲಿಗಳನ್ನು ಸೋಪು ಹಾಕಿ ತಿಕ್ಕಿ ತೊಳೆದೇ ತುಂಬಿದ್ದು. ಸೀಸ ಲೀಟರಿಗೆ 4 ಮೈಕ್ರೊಗ್ರಾಂ ಎಂದು ಒಬ್ಬರು, 19.37 ಎಂದು ಇನ್ನೊಬ್ಬರು. ನಿಮ್ಮ ಲೇಖಕರು ಹೊಗಳಿದ ಐಸೊಟೋಪ್ ಡೈಲ್ಯೂಷನ್ ಎಂಬ ದುಬಾರಿ ಸರ್ಕಸ್ಸು ನಮ್ಮಂಥವರಿಗೆ ಯಾಕೆ? ಎರಡರ ಸರಾಸರಿ ಹಿಡಿದರೆ ಸಾಲದೆ?"
— ನಿವೃತ್ತ ಗಣಿತ ಶಿಕ್ಷಕರು, ಚಿತ್ರದುರ್ಗ ಜಿಲ್ಲೆ

ಮೇಷ್ಟ್ರೇ,

ಸರಾಸರಿ ಹಿಡಿದೇ ನೋಡಿದೆ. 11.7ರ ಹತ್ತಿರ ಬಂತು. ನಮ್ಮಲ್ಲಿ ಕುಡಿಯುವ ನೀರಿಗೆ ಮಿತಿ 10. ಅಲ್ಲಿಗೆ ಒಂದು ವರದಿಯಲ್ಲಿ ನಿರಪರಾಧಿಯಾದ ಬಾವಿ ನಿಮ್ಮ ಭಾಗಾಕಾರದಿಂದ ಅಪರಾಧಿಯಾಯಿತು. ಮಗು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ ಎಂದು ಅಜ್ಜಿ, ಬೆಂಗಳೂರಿನಲ್ಲಿ ಎಂದು ಅತ್ತೆ ಹೇಳಿದರೆ ಶಾಲೆಯ ದಾಖಲೆಯಲ್ಲಿ ದಾವಣಗೆರೆ ಎಂದು ಬರೆದುಕೊಳ್ಳುತ್ತಿದ್ದಿರಾ?

ಐಸೊಟೋಪ್ ಡೈಲ್ಯೂಷನ್ ದುಬಾರಿ ಅಂದಿರಿ, ಒಪ್ಪಿದೆ. ಪ್ರತಿ ಕೊಳವೆಬಾವಿಗೂ ಅದು ಬೇಡ. ಸಾಧಾರಣ ವಿಧಾನವನ್ನೇ ಶ್ರದ್ಧೆಯಿಂದ ಮಾಡಿದರೆ ಸಾಕು. ಇನ್ನೂ ಒಂದನ್ನು ನಾನೇ ಒಪ್ಪಿಕೊಳ್ಳುತ್ತೇನೆ: ನಿಮ್ಮ ಸೀಮೆಯ ದೊಡ್ಡ ಪೀಡೆಯಾದ ಫ್ಲೋರೈಡಿಗೆ ಈ ವಿದ್ಯೆ ನಾಟುವುದೇ ಇಲ್ಲ. ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳಿಗೆ ಐಸೊಟೋಪು ಎನ್ನುತ್ತಾರೆ. ಪ್ರಕೃತಿಯಲ್ಲಿ ಫ್ಲೋರಿನ್ನಿಗೆ ಇರುವುದು ಒಂದೇ ಐಸೊಟೋಪು. ಆರ್ಸೆನಿಕ್ಕಿಗೂ ಅಷ್ಟೇ, ಹಟ್ಟಿಯ ಚಿನ್ನಕ್ಕೂ ಅಷ್ಟೇ. ಬೆರೆಸಲು ಜೋಡಿಯೇ ಇಲ್ಲದ ಒಂಟಿ ಜೀವಗಳು.

ಆದರೆ ಸೀಸಕ್ಕೆ ನಾಲ್ಕಿವೆ: 204, 206, 207, 208. ಅದರಲ್ಲಿ ಏನು ಚೆಂದ ಎಂಬುದು ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ಒಂದು ಡಬ್ಬಿ ಅಕ್ಕಿ ತೆಗೆದುಕೊಳ್ಳಿ. ಎಷ್ಟು ಕಾಳಿದೆಯೋ ಗೊತ್ತಿಲ್ಲ. ನೂರು ಅಕ್ಷತೆ ಕಾಳು ಎಣಿಸಿ ಹಾಕಿ, ಚೆನ್ನಾಗಿ ಕಲೆಸಿ, ಒಂದು ಹಿಡಿ ತೆಗೆಯಿರಿ. ಹತ್ತು ಹಳದಿ, 990 ಬಿಳಿ ಸಿಕ್ಕವು ಅಂತಿಟ್ಟುಕೊಳ್ಳಿ. ಒಂದು ಹಳದಿಗೆ 99 ಬಿಳಿ. ಡಬ್ಬಿಯಲ್ಲಿದ್ದದ್ದು ಸುಮಾರು 9,900. ಈಗ ಮೊಮ್ಮಗ ಓಡಿ ಬಂದು ಅರ್ಧ ಡಬ್ಬಿ ಚೆಲ್ಲಿಬಿಡಲಿ. ಲೆಕ್ಕ ಕೆಡುವುದಿಲ್ಲ, ಯಾಕೆಂದರೆ ಚೆಲ್ಲಿದ್ದರಲ್ಲೂ ಹಳದಿ-ಬಿಳಿ ಅದೇ ಪಾಲಿನಲ್ಲಿ ಹೋಗಿವೆ. (ಅಕ್ಷತೆಗೆ ತುಪ್ಪ ಹೆಚ್ಚಾಗಿ ಕಾಳು ಮುದ್ದೆಗಟ್ಟಿದ್ದರೆ ಮಾತ್ರ ಕೆಟ್ಟಿತು. ಕಲೆಯುವುದೇ ಇಲ್ಲಿ ಪ್ರಾಣ.)

ರಸಾಯನಶಾಸ್ತ್ರಜ್ಞರ ಅಕ್ಷತೆಗೆ ಸ್ಪೈಕ್ ಎಂದು ಹೆಸರು. 206 ಅಥವಾ 208 ತೀರ ಹೆಚ್ಚಿರುವ ಸೀಸವನ್ನು ತೂಗಿ ಮಾದರಿಗೆ ಹಾಕುತ್ತಾರೆ. ಆಮೇಲೆ ಆಮ್ಲದಲ್ಲಿ ಕುದಿಸುವಾಗ ಹಾರಲಿ, ಸೋಸುವಾಗ ಉಳಿಯಲಿ, ಚಿಂತೆಯಿಲ್ಲ. ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡುವುದು ಅನುಪಾತವನ್ನು ಮಾತ್ರ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಕಟ್ಟಿ, ಪಟ್ಟೆಯಿಂದ ಹುಲಿಗಳ ಗುರುತು ಹಿಡಿದು, ಕಂಡ ಹುಲಿ ಮತ್ತೆ ಎಷ್ಟು ಸಲ ಕಂಡಿತು ಎಂಬುದರಿಂದ ಕಾಣದವನ್ನೂ ಅಂದಾಜು ಮಾಡಿದರಲ್ಲ, ಅದೂ ಇದೇ ಬಳಗದ ಲೆಕ್ಕ. ಹೆಜ್ಜೆಗುರುತು ನೋಡಿ ಇಷ್ಟೇ ಹುಲಿ ಎಂದು ಹೇಳುತ್ತಿದ್ದ ಕಾಲದಲ್ಲಿ ಅದನ್ನು ಒಪ್ಪಿಸಲು ಅವರು ಪಟ್ಟ ಪಾಡು ಬೇರೆ ಕಥೆ.

ಈಗ ನಿಮ್ಮ ಬಾಟಲಿಗೆ ಬರುತ್ತೇನೆ. ಚೆಲ್ಲಿದ್ದನ್ನು ಈ ವಿಧಾನ ಕ್ಷಮಿಸುತ್ತದೆ. ಹೊರಗಿನಿಂದ ಬಂದು ಸೇರಿದ್ದನ್ನು ಕ್ಷಮಿಸುವುದಿಲ್ಲ. ಪಕ್ಕದ ಡಬ್ಬಿಯ ಬಿಳಿ ಅಕ್ಕಿ ಬಿದ್ದರೆ ಹಳದಿ ಕಾಳಿಗೆ ಅದು ಹೇಗೆ ಗೊತ್ತಾಗಬೇಕು?

ಇದನ್ನು ಅನುಭವಿಸಿ ಕಲಿತವರು ಅಮೆರಿಕದ ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್. ಷಿಕಾಗೊದಲ್ಲಿ ಕಲ್ಲಿನ ವಯಸ್ಸು ತಿಳಿಯಲೆಂದು ಅದರೊಳಗಿನ ಚೂರು ಸೀಸ ಅಳೆಯಲು ಕೂತರೆ ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ನೀರಲ್ಲಿ ಸೀಸ, ಆಮ್ಲದಲ್ಲಿ ಸೀಸ, ಗಾಜಿನಲ್ಲಿ, ಧೂಳಿನಲ್ಲಿ ಸೀಸ. ಒಂದೊಂದನ್ನೂ ಹುಡುಕಿ ಹೊರಹಾಕಲು ವರ್ಷಗಳೇ ಹಿಡಿದವು. 1956ರಲ್ಲಿ ಅವರು ಪ್ರಕಟಿಸಿದ ಭೂಮಿಯ ವಯಸ್ಸು, 455 ಕೋಟಿ ವರ್ಷ, ಇವತ್ತಿಗೂ ಹೆಚ್ಚುಕಡಿಮೆ ಹಾಗೇ ನಿಂತಿದೆ. ನನಗೆ ಅದಕ್ಕಿಂತ ಇಷ್ಟವಾದದ್ದು 1980ರಲ್ಲಿ ಅವರೂ ಡೊರೊಥಿ ಸೆಟಲ್ ಅವರೂ ಬರೆದ ಟ್ಯೂನಾ ಮೀನಿನ ಪ್ರಬಂಧ. ಅಲ್ಲಿನ ಸರ್ಕಾರಿ ಪ್ರಯೋಗಾಲಯದ ಪ್ರಕಾರ ತಾಜಾ ಮೀನಿನ ಒಂದು ಗ್ರಾಂನಲ್ಲಿ 400 ನ್ಯಾನೊಗ್ರಾಂ ಸೀಸ, ಡಬ್ಬಿಯ ಮೀನಿನಲ್ಲಿ 700. ಎರಡು ಪಟ್ಟೂ ಇಲ್ಲ, ಗಾಬರಿ ಯಾಕೆ ಎನ್ನುವ ಹಾಗೆ. ಧೂಳು ಸೋಕದಂತೆ ಕಟ್ಟಿದ ಶುದ್ಧ ಕೋಣೆಯಲ್ಲಿ ಅಳೆದಾಗ ತಾಜಾ ಮೀನಿನಲ್ಲಿದ್ದದ್ದು 0.3, ಸೀಸದ ಬೆಸುಗೆಯ ಡಬ್ಬಿಯದರಲ್ಲಿ 1,400. ಸರ್ಕಾರಿ ಪ್ರಯೋಗಾಲಯ ಮೀನಿನ ಹೆಸರಿನಲ್ಲಿ ತನ್ನದೇ ಕೊಳೆಯನ್ನು ಅಳೆದು ಕೂತಿತ್ತು.

ಬಹಳ ಹಿಂದೆ ಇಂಥದೊಂದು ಕೋಣೆಯ ಬಾಗಿಲಿಗೆ ನಾನೂ ಹೋಗಿದ್ದೆ. ದೇವಸ್ಥಾನದಿಂದ ನೇರ ಬಂದಿದ್ದೆ. ಒಳಗಿದ್ದ ಹೆಣ್ಣುಮಗಳು ನನ್ನ ಹಣೆ ನೋಡಿ, ಒದ್ದೆ ಟಿಶ್ಯೂ ಚಾಚಿ, "ಸರ್, ಕುಂಕುಮ ಒರೆಸಿಕೊಂಡು ಬನ್ನಿ" ಎಂದಳು. ನನಗೆ ಸಿಟ್ಟು ಬಂತು. ಅಗ್ಗದ ಕುಂಕುಮಕ್ಕೆ ಬಣ್ಣ ಬರಲೆಂದು ಸೀಸದ ಕೆಂಪುಪುಡಿ ಬೆರೆಸುವುದುಂಟು ಎಂದು ಆಮೇಲೆ ಗೊತ್ತಾಯಿತು. ಒರೆಸಿಕೊಂಡ ಮೇಲೂ ನನ್ನನ್ನು ಒಳಗೆ ಬಿಡಲಿಲ್ಲ. ಗಾಜಿನಾಚೆ ನಿಂತು ನೋಡಿದೆ: ಕೈಗವಸು ಬದಲಿಸಿದಳು, ಒಂದು ಹನಿ ಸ್ಪೈಕ್ ತೂಗಿದಳು, ಮತ್ತೆ ಕೈಗವಸು ಬದಲಿಸಿದಳು. ಸಾಲಿನ ಮೊದಲ ಲೋಟದಲ್ಲಿ ಮಾದರಿಯೇ ಇರಲಿಲ್ಲ. ಅದು ಬ್ಲ್ಯಾಂಕ್, ಬರೀ ಆಮ್ಲಕ್ಕೆ ಸ್ಪೈಕ್ ಹಾಕಿ, ತಮ್ಮ ಕೊಳೆ ತಮ್ಮಲ್ಲೇ ಎಷ್ಟಿದೆ ಎಂದು ಅಳೆಯುವ ಲೋಟ.

ನಿಮ್ಮ ಎರಡೂ ವರದಿಗಳಲ್ಲಿ ಆ ಲೋಟದ ಅಂಕಿ ಇದೆಯೇ? ಇರಲಾರದು. ಆದರೆ 19ರ ಮುಂದೆ .37 ಇದೆ! ಈ ದಶಾಂಶಗಳ ಮೇಲೆ ನನ್ನದು ಹಳೇ ಸಿಟ್ಟು. ಯಂತ್ರ ಉದುರಿಸಿದ್ದನ್ನೆಲ್ಲ ಬರೆದುಕೊಡುವುದು, ಹೆಚ್ಚುಕಡಿಮೆ ಎಷ್ಟು ಎಂದು ಕೇಳಿದರೆ ಮುಖ ನೋಡುವುದು. ಕೋಟಿಗಟ್ಟಲೆ ಯಂತ್ರಕ್ಕೆ ರಿಬ್ಬನ್ ಕತ್ತರಿಸಲು ಮಂತ್ರಿಗಳು ಬರುತ್ತಾರೆ, ಶುದ್ಧ ಆಮ್ಲಕ್ಕೆ ಮಾತ್ರ ಅನುದಾನ ಇರುವುದಿಲ್ಲ. 2015ರ ನೂಡಲ್ಸ್ ಗಲಾಟೆ ನೆನಪಿದೆಯಲ್ಲ? ಮಿತಿ 2.5 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಎರಡೂವರೆ ಪಾಲು; ಒಂದು ವರದಿಯಲ್ಲಿ ಸೀಸ 17. ದೇಶವೆಲ್ಲ ನಿಷೇಧ. ಕೆಲವೇ ತಿಂಗಳಲ್ಲಿ, ಪರೀಕ್ಷೆ ಮಾಡಿದ ಪ್ರಯೋಗಾಲಯಗಳಿಗೆ ಮಾನ್ಯತೆ ಇರಲಿಲ್ಲವೆಂದು ಬಾಂಬೆ ಹೈಕೋರ್ಟು ನಿಷೇಧವನ್ನು ತಳ್ಳಿಹಾಕಿತು. ನಾನು ನೋಡಿದ ಯಾವ ಟಿವಿ ಚರ್ಚೆಯಲ್ಲೂ ಬ್ಲ್ಯಾಂಕ್ ಎಷ್ಟಿತ್ತು ಎಂದು ಒಬ್ಬರೂ ಕೇಳಲಿಲ್ಲ.

ಉಪ್ಪಿನಕಾಯಿ ಬಾಟಲಿ ಬಿಡಿ ಮೇಷ್ಟ್ರೇ. ಗಾಜಿನ ಗೋಡೆಗೆ ಸೀಸ ಅಂಟುತ್ತದೆ, ಮುಚ್ಚಳದಿಂದ ಏನು ಬರುತ್ತದೋ ದೇವರಿಗೇ ಗೊತ್ತು. ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿಗಳನ್ನು ಪ್ರಯೋಗಾಲಯದಿಂದಲೇ ಕೇಳಿ ಮೂರು ತನ್ನಿ. ಎರಡರಲ್ಲಿ ಬಾವಿಯ ನೀರು. ಮೂರನೆಯದರಲ್ಲಿ ಅವರೇ ಕೊಟ್ಟ ಶುದ್ಧ ನೀರು. ಅದನ್ನು ಬಾವಿಯ ಹತ್ತಿರ ಒಮ್ಮೆ ತೆರೆದು ಮುಚ್ಚಿ, ಏನೂ ಹೇಳದೆ ಉಳಿದವುಗಳ ಜೊತೆ ಕೊಟ್ಟು ಬನ್ನಿ. ವರದಿ ಬಂದಾಗ ಆ ಮೂರನೇ ಬಾಟಲಿಯ ಅಂಕಿಯನ್ನು ನನಗೆ ಮೊದಲು ಬರೆಯಿರಿ.